ಕತ್ತಿ ಹೋಗದ ಜಾಗ

ಗಿಡ ನೆಡುವ ಸಮಾರಂಭಗಳಿಗೆ ಈಚೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಮೊದಲು ಕರೆಯುತ್ತಿದ್ದರು. ಮೂಡುಬಿದಿರೆಯ ಸುತ್ತಿನ ಶಾಲೆಗಳಲ್ಲಿ ಆಯುಷ್ಯವಿಡೀ ಪಾಠ ಮಾಡಿದ ಟೀಚರಮ್ಮ ಎಂಬ ಗೌರವಕ್ಕೆ ಪ್ರತಿ ಜೂನಿನಲ್ಲೂ ಒಂದು ಹಾರ, ಒಂದು ಗಿಡ, ಮೊದಲೇ ತೋಡಿಟ್ಟ ಒಂದು ಹೊಂಡ ನನಗಾಗಿ ಕಾದಿರುತ್ತಿತ್ತು. ಹೊಂಡ ಹೆಚ್ಚಾಗಿ ಹೋದ ವರ್ಷದ್ದೇ. ಹೋದ ವರ್ಷದ ಗಿಡ ಎಲ್ಲಿ ಹೋಯಿತು ಎಂದು ನಾನು ಕೇಳುತ್ತಿದ್ದೆ, ಅದು ಅವರಿಗೆ ಹಿಡಿಸುತ್ತಿರಲಿಲ್ಲ. ಮೈಕು ಕೊಟ್ಟರೆ, ನೆಡುವುದು ಆಮೇಲಾಯಿತು, ಇರುವುದನ್ನು ಮೊದಲು ಅದರಷ್ಟಕ್ಕೆ ಬಿಡಿ ಎನ್ನುತ್ತಿದ್ದೆ. ಹೇಳಿ ಹೇಳಿ ನನಗೂ ಸಾಕಾಗಿದೆ, ಕೇಳಿ ಕೇಳಿ ಅವರಿಗೂ ಸಾಕಾಗಿದೆ. ಈ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಿ ಕಲಿತವಳಲ್ಲ. ನಮ್ಮ ಮನೆಯ ಹಿಂಜಗಲಿಯಲ್ಲಿ, ಕತ್ತಿಗಳ ಸಾಲಿನ ಕೆಳಗೆ, ಪೆಟ್ಟು ತಿಂದು ಕಲಿತದ್ದು. ಆ ಪೆಟ್ಟು ಕೈಯಿಂದ ಬಿದ್ದದ್ದಲ್ಲವಾದ್ದರಿಂದ ಇನ್ನೂ ಮಾಯ್ದಿಲ್ಲ. ಅದನ್ನು ಒಮ್ಮೆ ಬರೆದಿಟ್ಟು ಕೈತೊಳೆದುಕೊಳ್ಳುವ ಎಂದು ಕೂತಿದ್ದೇನೆ.

ಮಿಜಾರಿನಿಂದ ಒಳಗೆ, ಪದವಿನ ಬುಡದಲ್ಲಿ ನಮ್ಮ ಮನೆ. ಪದವು ಎಂದರೆ ಕೆಂಪು ಮುರಕಲ್ಲಿನ ಬೋಳುಗುಡ್ಡ. ನೆತ್ತಿ ಚಪ್ಪಟೆ, ಬೇಸಿಗೆಯಲ್ಲಿ ಬರಿಗಾಲು ಇಟ್ಟರೆ ದೋಸೆಕಲ್ಲು. ಮನೆಯ ಮುಂದೆ ಗದ್ದೆ, ಹಿಂದೆ ದನದ ಹಟ್ಟಿ, ಹಟ್ಟಿಯ ಪಕ್ಕ ಬಾವಿ, ಬಾವಿಯ ಬೆನ್ನಿಗೇ ಗುಡ್ಡದ ಇಳಿಜಾರು. ನಮ್ಮದು ಅಳಿಯಸಂತಾನದ ಕುಟುಂಬ. ಹಾಗಾಗಿ ಅಮ್ಮನ ಅಣ್ಣ ದೂಮಪ್ಪ ಮಾವನೇ ಮನೆಯ ಯಜಮಾನರು. ಅಪ್ಪ ವೇಣೂರಿನ ತಮ್ಮ ತಾಯಿಮನೆಯಲ್ಲಿದ್ದು ವಾರಕ್ಕೊಮ್ಮೆ ಬೆಲ್ಲವೋ ಒಣಮೀನೋ ಹಿಡಿದುಕೊಂಡು ಬಂದುಹೋಗುವ ನೆಂಟರು. ಅಜ್ಜಿ, ಎಂದರೆ ಅಮ್ಮ ಮತ್ತು ಮಾವನ ತಾಯಿ, ಊರವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಮುತ್ತಕ್ಕೆ ಎಂದು. ಅಡುಗೆಮನೆಯ ಹಿಂದಿನ ಜಗಲಿಯ ಗೋಡೆಯಲ್ಲಿ ಸಾಲಾಗಿ ಮೊಳೆ ಹೊಡೆದು ಕತ್ತಿಗಳನ್ನು ತೂಗಹಾಕುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕತ್ತಿ, ಒಂದೊಂದು ಮೊಳೆ. ಒಬ್ಬರ ಕತ್ತಿಯನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ, ಹಿಡಿ ಕೈಗೆ ಪಳಗಿದ್ದು ಕೆಡುತ್ತದೆ ಎನ್ನುತ್ತಿದ್ದರು. ನನಗೆ ಐದು ತುಂಬಿದಾಗ ಮಾವ ಒಂದು ಸಣ್ಣ ಕತ್ತಿ ಮಾಡಿಸಿ ತಂದು ಕೊನೆಯ ಮೊಳೆಗೆ ಹಾಕಿ, ಇದು ನಮ್ಮ ವಾರಿಗೆ ಎಂದರು. ಬಳೆ ತಂದುಕೊಟ್ಟಿದ್ದರೂ ನಾನು ಅಷ್ಟು ಹಿಗ್ಗುತ್ತಿರಲಿಲ್ಲ.

ಬೆಳಗ್ಗೆ ಗಂಜಿ ಕುಡಿದದ್ದೇ ಕತ್ತಿ ಹಿಡಿದು ಗುಡ್ಡಕ್ಕೆ ಹೋಗುವುದು ಮನೆಯ ಹೆಂಗಸರ ಪಾಡು. ಗದ್ದೆ ಇದ್ದವನಿಗೆ ಅದರ ಒತ್ತಿನ ಸರಕಾರಿ ಗುಡ್ಡದಿಂದ ಸೊಪ್ಪು ತರುವ ಹಕ್ಕಿತ್ತು, ಅದಕ್ಕೆ ಕುಮ್ಕಿ ಎನ್ನುತ್ತಿದ್ದರು. ತಂದ ಸೊಪ್ಪನ್ನು ಹಟ್ಟಿಗೆ ಹಾಸಿ, ದನಗಳು ತುಳಿದು ತುಳಿದು ಅದು ಗೊಬ್ಬರವಾಗಿ, ಗೊಬ್ಬರ ಗದ್ದೆಗೆ ಹೋಗಿ, ಗದ್ದೆಯಿಂದ ನಮ್ಮ ಬಟ್ಟಲಿಗೆ ಬರುತ್ತಿತ್ತು. ಮಾವ ಯಾರ ಮನೆಗೆ ಹೋದರೂ ಮೊದಲು ನೋಡುತ್ತಿದ್ದದ್ದು ಗೊಬ್ಬರದ ರಾಶಿಯನ್ನು. ರಾಶಿ ಸಣ್ಣದಿದ್ದ ಮನೆಗೆ ಹೆಣ್ಣು ಕೊಡಬಾರದು ಎಂಬುದು ಅವರ ಸಿದ್ಧಾಂತ. ಮಳೆ ನಿಂತ ಮೇಲೆ ಮನೆಯ ಮಾಡು ಹೊದೆಸಲಿಕ್ಕೆ ಮುಳಿಹುಲ್ಲು ಕೊಯ್ಯುತ್ತಿದ್ದರು, ಕೊಯ್ದ ಮೇಲೆ ಕೂಳೆಗೆ ಬೆಂಕಿ ಕೊಡುತ್ತಿದ್ದರು. ಸುಡದಿದ್ದರೆ ಮುಂದಿನ ವರ್ಷ ಹುಲ್ಲು ಚೆನ್ನಾಗಿ ಬರುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಹೀಗೆ ಕೊಯ್ದು, ಸವರಿ, ಸುಟ್ಟು, ನಮ್ಮ ಗುಡ್ಡದಲ್ಲಿ ಯಾವುದೂ ನನ್ನ ಮೊಣಕಾಲಿಗಿಂತ ಎತ್ತರಕ್ಕೆ ಏಳಲಿಲ್ಲ. ಗುಡ್ಡ ಎಂದರೆ ಇರುವುದೇ ಹಾಗೆ ಎಂದು ನಾನು ತಿಳಿದುಕೊಂಡಿದ್ದೆ.

ಬಾವಿಗೆ ಎರಡು ಹಗ್ಗಗಳಿದ್ದವು. ಒಂದು ಯಾವಾಗಲೂ ರಾಟೆಯ ಮೇಲೆ ಇರುತ್ತಿತ್ತು. ಇನ್ನೊಂದು, ಬೇಸಿಗೆಗೆಂದೇ ಇದ್ದ ಕಾಲದ ಹಗ್ಗ, ಕತ್ತಿಗಳ ಸಾಲಿನ ಆಚೆ ಒಂದು ದೊಡ್ಡ ಮೊಳೆಯಲ್ಲಿ ಸುತ್ತಿಟ್ಟಿರುತ್ತಿತ್ತು. ಶಿವರಾತ್ರಿ ಹತ್ತಿರ ಬಂದು ಬಾವಿಯ ನೀರು ಆಳಕ್ಕೆ ಹೋದಾಗ ಅದನ್ನು ಇಳಿಸಿ ಮೊದಲಿನದಕ್ಕೆ ಗಂಟು ಹಾಕಬೇಕು. ಆ ಗಂಟು ಬಿದ್ದ ದಿನದಿಂದ ಮನೆಯಲ್ಲಿ ಎಲ್ಲರ ಬಾಯಿ ಕೆಡುತ್ತಿತ್ತು. ಸ್ನಾನಕ್ಕೆ ಒಂದೇ ಚೊಂಬು, ಪಾತ್ರೆ ತೊಳೆದ ನೀರು ಬಸಳೆಬುಡಕ್ಕೆ, ಬಸಳೆಗೆ ಹೆಚ್ಚಾಯಿತೆಂದು ಜಗಳ. ವಿಷುವಿನ ಹೊತ್ತಿಗೆ ಎರಡು ಹಗ್ಗ ಸೇರಿದರೂ ಕೊಡಪಾನದಲ್ಲಿ ಕೆಸರೇ ಬರುತ್ತಿತ್ತು. ಆಮೇಲೆ ಪದವು ಹತ್ತಿ ಇಳಿದು ಆಚೆ ಬದಿಯ ಮದಕದಿಂದ, ಎಂದರೆ ಗುಡ್ಡದ ಕೆರೆಯಿಂದ, ನೀರು ತರಬೇಕು. ನನಗೆ ಆರು ವರ್ಷವಾದ ಬೇಸಿಗೆಯಲ್ಲಿ, ತಂಗಿ ಲೀಲಾ ಇನ್ನೂ ಎದೆಹಾಲು ಕುಡಿಯುತ್ತಿದ್ದಾಗ, ಅಮ್ಮ ಮದಕದಿಂದ ಬರುವಾಗ ಕಲ್ಲಿನ ಮೇಲೆ ಜಾರಿ ಬಿದ್ದಳು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇತ್ತು. ಸಣ್ಣ ತಂಬಿಗೆ ಹಿಡಿದು ಹಿಂದೆ ಬರುತ್ತಿದ್ದ ನಾನು ಓಡಿಹೋದಾಗ ಅವಳು ಕೇಳಿದ್ದು ಇಷ್ಟೇ.

"ನಿನ್ನ ತಂಬಿಗೆಯಲ್ಲಿ ಸ್ವಲ್ಪವಾದರೂ ಉಂಟಾ?"

ಅಮ್ಮ ಎರಡು ತಿಂಗಳು ಮಲಗಿದಳು. ಎದ್ದಮೇಲೂ ಅವಳ ಬೆನ್ನು ನೆಟ್ಟಗಾಗಲಿಲ್ಲ, ಕೊನೆಯ ತನಕ ಆಗಲಿಲ್ಲ. ಅವಳಿಗೆ ಎಣ್ಣೆ ಹಚ್ಚುತ್ತಿದ್ದವಳು ಅಜ್ಜಿ. ಒಂದು ಮಧ್ಯಾಹ್ನ ಎಣ್ಣೆ ಕೈಯಲ್ಲೇ ಎದ್ದುಹೋಗಿ, ಬಾವಿಯ ಹಿಂದಿನ ಇಳಿಜಾರಿನ ನಾಲ್ಕು ಮೂಲೆಗೂ ಗೂಟ ಹೊಡೆದು, ಒಂದೊಂದಕ್ಕೂ ಹಸಿ ಸೊಪ್ಪಿನ ಕಟ್ಟು ಬಿಗಿದಳು. ಮನೆಯ ದೈವದ ಹೆಸರು ಹೇಳಿ ಸೊಪ್ಪು ಕಟ್ಟಿದರೆ ನಮ್ಮ ಕುಟುಂಬದಲ್ಲಿ ಅದು ತಡೆ. ಕಟ್ಟಿದವರು ಬಿಚ್ಚುವ ತನಕ ಯಾರೂ ಅಲ್ಲಿ ಕತ್ತಿ ಆಡಿಸುವಂತಿಲ್ಲ, ಬೆಂಕಿ ಕೊಡುವಂತಿಲ್ಲ. ಆದರೆ ಆ ಮನೆಯ ಕತ್ತಿಯೇ ಒಮ್ಮೆ ಅಲ್ಲಿ ಬಿದ್ದರೆ ತಡೆ ಮುಗಿದಂತೆ. ತಾನು ಮದುವೆಯಾಗುವ ಮೊದಲು ಆ ಇಳಿಜಾರಿನಲ್ಲಿ ಮರಗಳಿದ್ದವು, ಆಗ ಕಾಲದ ಹಗ್ಗ ಎಂಬುದು ಮನೆಯಲ್ಲೇ ಇರಲಿಲ್ಲ ಎಂಬುದು ಅಜ್ಜಿಯ ವಾದ. ಮಾವ ಊಟದ ಮಣೆಯ ಮೇಲೆ ಕೂತು ಅನ್ನ ಕಲಸುವುದನ್ನೇ ನಿಲ್ಲಿಸಿದರು. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಹತ್ತಿರದ ಸೊಪ್ಪು ಬಿಟ್ಟು ಎಲ್ಲಿಂದ ತರುವುದು? ಗೊಬ್ಬರ ಇಲ್ಲದೆ ಗದ್ದೆ ಎಂತ ಕೊಡ್ತದೆ? ಕಾಡನ್ನು ಉಣ್ಲಿಕ್ಕೆ ಆಗ್ತದಾ ಅಮ್ಮ?"

"ನೀರಿಲ್ಲದೆ ಅಕ್ಕಿ ಬೇಯಿಸ್ಲಿಕ್ಕೆ ಆಗ್ತದಾ? ಅದನ್ನು ಹೇಳು."

ಮಾವನ ಮಾತಿನಲ್ಲೂ ಹುರುಳಿತ್ತು ಎಂದು ಈಗ ಅನಿಸುತ್ತದೆ. ಸೊಪ್ಪಿಗಾಗಿ ಪದವಿನ ಆಚೆ ಬದಿಗೆ ಹೋಗಬೇಕಾಯಿತು, ಗೊಬ್ಬರದ ರಾಶಿ ತಗ್ಗಿತು, ಮಳೆಗಾಲದಲ್ಲಿ ನಮ್ಮ ಗಂಜಿಯಲ್ಲಿ ತೆಳಿ ಹೆಚ್ಚಾಗಿ ಅಗುಳು ಕಡಿಮೆಯಾಯಿತು. ಅವರು ಅಜ್ಜಿಯೊಡನೆ ನೇರ ಮಾತಾಡುವುದನ್ನೇ ಬಿಟ್ಟರು. ಹೇಳಬೇಕಾದ್ದನ್ನು ಬೆಕ್ಕಿಗೆ ಹೇಳುತ್ತಿದ್ದರು. "ಏ ಬೆಕ್ಕೇ, ನಿನ್ನ ಯಜಮಾನ್ತಿಗೆ ಹೇಳು, ಕಾಡು ಹಣ್ಣಾಗಿದೆಯಂತೆ, ಬಡಿಸ್ಬಹುದಂತೆ." ಬೆಕ್ಕು ಮಾತ್ರ ಇಬ್ಬರ ಮಡಿಲಲ್ಲೂ ಮಲಗುತ್ತಿತ್ತು.

ಕಾಡು ಬಂದದ್ದು ನಾವು ಎಣಿಸಿದ ಹಾಗಲ್ಲ. ಮೊದಲ ವರ್ಷ ಬಂದದ್ದು ಬರೀ ಹುಲ್ಲು. ಸುಡದ ಹುಲ್ಲು ಒಣಗಿ ಒರಗಿ ಕೊಳೆತು, ನೋಡಿದವರಿಗೆ ಹೇಸಿಗೆ. ಎರಡನೆಯ ವರ್ಷ ಊರವರು ಕಮ್ಯುನಿಸ್ಟ್ ಗಿಡ ಎನ್ನುವ ಪರದೇಶಿ ಕಳೆ ಎಲ್ಲಿಂದಲೋ ಬಂದು ಇಡೀ ಇಳಿಜಾರನ್ನು ಹೊದ್ದಿತು. ದನ ಮೂಸಿಯೂ ನೋಡದ ಆ ಗಿಡವನ್ನು ತೋರಿಸಿ ಮಾವ, "ಬಂತಲ್ಲ, ಅಮ್ಮನ ಕಾಡು" ಎಂದು ಊರಿಗೆಲ್ಲ ಹೇಳಿದರು. ಆಮೇಲೆ ಅದರ ಎಡೆಯಲ್ಲಿ, ಎಷ್ಟೋ ವರ್ಷ ಸವರಿಸಿಕೊಂಡಿದ್ದ ಬುಡಗಳು ಚಿಗುರಿದವು. ಕೇಪಳ ಬಂತು, ಕುಂಟಾಲ ಬಂತು, ಅಂಗಿ ಹಿಡಿದರೆ ಬಿಡದ ಚೂರಿಮುಳ್ಳು ಬಂತು. ಹಣ್ಣು ಬಂದಮೇಲೆ ಪಿಕಳಾರ ಹಕ್ಕಿಗಳು ಬಂದವು, ಅವು ಹಿಕ್ಕೆ ಹಾಕಿದಲ್ಲೆಲ್ಲ ಇನ್ನೇನೋ ಮೊಳೆಯಿತು. ಐದನೆಯ ವರ್ಷಕ್ಕೆ ಉಪ್ಪಳಿಗೆ ಮರಗಳು ಮಾವನಿಗಿಂತ ಎತ್ತರವಾಗಿ, ಕೊಡೆಯಂಥ ಎಲೆ ಬಿಚ್ಚಿ ನಿಂತಿದ್ದವು. ಬಾಯಿಗೆ ಅಡ್ಡಿಯಿಲ್ಲ, ಕತ್ತಿಗೆ ಮಾತ್ರ ತಡೆ ಎಂದು ಅಜ್ಜಿ ಹೇಳಿದ್ದರಿಂದ ನಾನೂ ಲೀಲಾಳೂ ಕುಂಟಾಲ ಹಣ್ಣು ತಿಂದು ನಾಲಿಗೆ ನೇರಳೆ ಮಾಡಿಕೊಂಡು ಬರುತ್ತಿದ್ದೆವು. ಬಾವಿಗೆ ಮಾತ್ರ ಏನೂ ಗೊತ್ತಾಗಿರಲಿಲ್ಲ. ಕಾಲದ ಹಗ್ಗ ಪ್ರತಿ ವರ್ಷವೂ ಇಳಿಯುತ್ತಿತ್ತು, ನಾನು ಮದಕಕ್ಕೆ ಹೋಗುತ್ತಿದ್ದೆ. ತಂಬಿಗೆಯ ಬದಲು ಈಗ ಕೊಡಪಾನ ಬಂದಿತ್ತು.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ವನಮಹೋತ್ಸವ ಮಾಡಿದರು. ಗಿಡಗಳನ್ನು ಮಕ್ಕಳ ಹಾಗೆ ನೋಡಿಕೊಳ್ಳಬೇಕೆಂದು ಮಾಸ್ತರರು ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಜ್ಜಿಯ ಜಾಗದಲ್ಲಿ, ಪೊದೆಗಳ ಅಡಿಯಲ್ಲಿ, ಕಿರಾಲ್‌ಬೋಗಿಯ ಏಳೆಂಟು ಸಸಿಗಳಿರುವುದನ್ನು ನಾನು ಕಂಡಿದ್ದೆ. ಮನೆಯ ತೊಲೆಗೆ ಬಳಸುವ, ನೂರು ವರ್ಷ ಬಾಳುವ ಮರ ಅದು. ದೇವಸ್ಥಾನದ ಹಿಂದಿದ್ದ ಒಂದೇ ಹಳೆಯ ಮರದಿಂದ ರೆಕ್ಕೆಯ ಬೀಜ ಗಾಳಿಯಲ್ಲಿ ಹಾರಿ ಬಂದಿರಬೇಕು. ಅಂಥ ಮರದ ಮಕ್ಕಳು ಕಮ್ಯುನಿಸ್ಟ್ ಗಿಡದ, ಉಪ್ಪಳಿಗೆಯ, ಮುಳ್ಳಿನ ಅಡಿಯಲ್ಲಿ ಉಸಿರುಕಟ್ಟಿ ಬಿದ್ದಿವೆ ಎಂದು ನನಗೆ ಸಂಕಟವಾಯಿತು. ನಾವು ಗದ್ದೆಯವರು. ಕಳೆ ಕೀಳದೆ ಯಾವುದೂ ಬೆಳೆಯುವುದಿಲ್ಲ ಎಂದು ಹುಟ್ಟಿದಾಗಿನಿಂದ ಕಂಡವರು. ನವರಾತ್ರಿ ರಜೆಯಲ್ಲಿ, ಮಳೆ ಬಿಟ್ಟು ಬಿಸಿಲು ಬಂದ ಮೂರು ಬೆಳಗ್ಗೆ, ಯಾರಿಗೂ ಹೇಳದೆ ನನ್ನ ಸಣ್ಣ ಕತ್ತಿ ಹಿಡಿದು ಹೋದೆ. ತಡೆ ಇರುವುದು ಸೊಪ್ಪು ಕಡಿಯುವವರಿಗೆ, ನಾನು ಮಾಡುವುದು ಆರೈಕೆ ಎಂದು ನನಗೆ ನಾನೇ ಹೇಳಿಕೊಂಡೆ. ಸಸಿಗಳ ಸುತ್ತ ಇದ್ದದ್ದನ್ನೆಲ್ಲ ಕಡಿದು, ಎಳೆ ಉಪ್ಪಳಿಗೆಗಳನ್ನು ಬುಡಕ್ಕೇ ಉರುಳಿಸಿ, ತರಗೆಲೆ ಗುಡಿಸಿ ತೆಗೆದು, ನಮ್ಮ ಅಂಗಳದಷ್ಟು ಅಗಲ ಚೊಕ್ಕ ಮಾಡಿದೆ. ಸಸಿಗಳು ಬೆಳಕಿನಲ್ಲಿ ನಿಂತಿದ್ದವು. ಜೀವಮಾನದಲ್ಲಿ ಮತ್ತೆ ಯಾವ ಕೆಲಸವೂ ನನಗೆ ಅಷ್ಟು ಖುಷಿ ಕೊಟ್ಟಿಲ್ಲ.

ನಾಲ್ಕನೆಯ ದಿನ ಮಾವ ಕಂಡರು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಹಿಂಜಗಲಿಯಲ್ಲಿ ಕೂತಿದ್ದಾಗ ಮೊಳೆಯಿಂದ ನನ್ನ ಕತ್ತಿಯನ್ನು ತೆಗೆದು, ಅಜ್ಜಿಯ ಬಟ್ಟಲಿನ ಪಕ್ಕ ಇಟ್ಟರು. ಅಲಗಿನ ಮೇಲೆ ಉಪ್ಪಳಿಗೆಯ ಅಂಟು ಕೆಂಪಗೆ ಒಣಗಿತ್ತು. ಐದು ವರ್ಷಗಳಲ್ಲಿ ಮೊದಲ ಸಲ ಅವರು ಬೆಕ್ಕನ್ನು ಬಿಟ್ಟು ನೇರ ಅಜ್ಜಿಗೇ ಹೇಳಿದರು.

"ಮನೆಯ ಕತ್ತಿ ಬಿದ್ದಿದೆ ಅಮ್ಮ. ತಡೆ ಮುಗಿಯಿತು. ನಾಳೆ ಸೊಪ್ಪಿಗೆ ಜನ ಮಾಡ್ತೇನೆ."

ಅಮ್ಮ ಬಾಗಿದ ಬೆನ್ನಿನಲ್ಲೇ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅಜ್ಜಿ ಕತ್ತಿಯನ್ನು ಎತ್ತಿ, ಅಂಟನ್ನು ಉಗುರಿನಿಂದ ಕೆರೆದು ನೋಡಿ, ಕೆಳಗಿಟ್ಟಳು.

"ನಾನೇ ಕಳಿಸಿದ್ದು ಅವಳನ್ನು. ಕತ್ತಿ ಅವಳದ್ದು, ತಪ್ಪು ನನ್ನದು. ಕಟ್ಟಿದವಳು ನಾನು, ದೈವಕ್ಕೆ ತಪ್ಪು ಒಪ್ಪಿಸುವವಳೂ ನಾನೇ. ಒಪ್ಪಿಸಿ ಪುನಃ ಕಟ್ತೇನೆ."

"ನೀವು ಕಳಿಸ್ಲಿಲ್ಲ. ನನಗೆ ಗೊತ್ತುಂಟು."

"ಹಾಗಾದ್ರೆ ದೈವದ ಎದುರು ನಿಂತು ನನ್ನ ಅಮ್ಮ ಸುಳ್ಳಿ ಅಂತ ಹೇಳು ಮಗಾ. ಹೇಳ್ತೀಯಾ?"

ಮಾವ ಉಣ್ಣದೆ ಹೊರಟುಹೋದರು. ದೈವದ ಹೆಸರಿನಲ್ಲಿ ಅಜ್ಜಿ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮರುದಿನ ಅವಳು ತೆಂಗಿನಕಾಯಿ, ಅಡಿಕೆಯ ಹಿಂಗಾರ ಇಟ್ಟು ತಪ್ಪು ಒಪ್ಪಿಕೊಂಡಳು, ಗೂಟಗಳಿಗೆ ಪುನಃ ಸೊಪ್ಪು ಕಟ್ಟಿದಳು, ಒಂದು ತಿಂಗಳು ಒಪ್ಪೊತ್ತು ಊಟ ಎಂದು ಹೇಳಿಕೊಂಡಳು. ಆಗಲೇ ಅವಳಿಗೆ ಎಪ್ಪತ್ತರ ಹತ್ತಿರ. ಸಂಜೆ ನಾವೆಲ್ಲ ಗಂಜಿಗೆ ಕೂತಾಗ ಅವಳು ಗೋಡೆಗೊರಗಿ ಎಲೆ ಜಗಿಯುತ್ತಾ ಕೂತಿರುತ್ತಿದ್ದಳು. ಹೊಡೆಯಲಿ ಎಂದು ನಾನು ಅವಳ ಸುತ್ತಮುತ್ತ ಸುಳಿದೆ, ಅವಳು ಹೊಡೆಯಲಿಲ್ಲ. ಕೊಟ್ಟ ಶಿಕ್ಷೆ ಬೇರೆ.

"ದಿನಾ ಶಾಲೆಯಿಂದ ಬಂದು ಅಲ್ಲಿ ಹೋಗಿ ಕೂತ್ಕೋ. ಕೈ ಮಡಿಲಲ್ಲಿರಬೇಕು. ಒಂದು ಎಲೆ ಅಲ್ಲಾಡಿಸ್ಬಾರದು. ಎಂತ ಕಂಡೆ ಅಂತ ಬಂದು ನನಗೆ ಹೇಳು."

ಹೆಣ್ಣುಮಗು ಕೈಕಟ್ಟಿ ಕೂತರೆ ಮನೆಗೆ ದರಿದ್ರ ಎನ್ನುವ ಮನೆ ನಮ್ಮದು. ಅಮ್ಮ ಬೆನ್ನು ಹಿಡಿದುಕೊಂಡು ಸೆಗಣಿ ಬಾಚುತ್ತಿರುವಾಗ ನಾನು ಗುಡ್ಡದಲ್ಲಿ ಸುಮ್ಮನೆ ಕೂರಬೇಕು. ಅದು ಬೆತ್ತಕ್ಕಿಂತ ಉರಿಯುತ್ತಿತ್ತು. ಮೊದಲ ದಿನಗಳಲ್ಲಿ ಹೇಳಲಿಕ್ಕೆ ನನ್ನ ಬಳಿ ಏನೂ ಇರಲಿಲ್ಲ. ಆಮೇಲೆ ಕಾಣತೊಡಗಿತು. ನಾನು ಗುಡಿಸಿದ ಜಾಗದ ಮಣ್ಣು ಬೂದುಬಣ್ಣಕ್ಕೆ ತಿರುಗಿ ಬಿರಿಯಿತು. ಪೊದೆಯ ಅಡಿಯ ಮಣ್ಣು ತರಗೆಲೆಯ ಕೆಳಗೆ ಒದ್ದೆಯಾಗಿಯೇ ಇತ್ತು, ಅಲ್ಲಿ ಎರೆಹುಳದ ಮಣ್ಣಿನ ಗುಪ್ಪೆಗಳಿದ್ದವು. ಮಕರ ಸಂಕ್ರಾಂತಿ ಕಳೆದದ್ದೇ ನನ್ನ ಸಸಿಗಳ ಎಲೆಯಂಚು ಕಂದತೊಡಗಿತು. ಮದಕದಿಂದ ಹೊತ್ತು ತಂದ ನೀರಿನಲ್ಲಿ ನನ್ನ ಪಾಲನ್ನು ಕದ್ದು ಹೊಯ್ದೆ, ಕುಡಿಯದೆ ಹೊಯ್ದೆ. ಶಿವರಾತ್ರಿಯ ಹೊತ್ತಿಗೆ ಬೆಳಕಿಗೆ ತಂದ ಅಷ್ಟೂ ಸಸಿಗಳು ಕಡ್ಡಿಯಾಗಿ ನಿಂತಿದ್ದವು. ಅಲ್ಲೇ ಕೂತು ಅತ್ತೆ. ಅತ್ತು ಮುಖ ಒರೆಸಿಕೊಳ್ಳುವಾಗ, ಮುಳ್ಳಿಗೆ ಹೆದರಿ ನಾನು ಕೈಹಾಕದೆ ಬಿಟ್ಟಿದ್ದ ಚೂರಿಮುಳ್ಳಿನ ಪೊದೆಯ ಒಳಗೆ ಒಂದು ಸಸಿ ಕಂಡಿತು. ಹಸಿರಾಗಿತ್ತು, ಹೊಸ ಎಲೆ ಎರಡು ಬಿಟ್ಟಿತ್ತು. ಓಡಿಬಂದು ಅಜ್ಜಿಗೆ ಹೇಳಿದೆ.

"ಮತ್ತೆಂತ ವಾರಿ? ಬಾಣಂತಿ ಕೋಣೆಯ ಬಾಗಿಲು ತೆಗೆದು, ಎಲ್ಲರನ್ನೂ ಹೊರಗೆ ಹಾಕಿ, ಮಗು ಗಾಳಿಗೆ ಇರ್ಲಿ ಅಂದೆ ನೀನು. ಬದುಕ್ತದಾ?"

"ಹಾಗಾದ್ರೆ ಆ ಮುಳ್ಳು ಅಲ್ಲೇ ಇರಬೇಕಾ ಅಜ್ಜಿ, ಯಾವಾಗಲೂ?"

"ಮರ ದೊಡ್ಡದಾದ ಮೇಲೆ ನೆರಳಿಗೆ ಅದೇ ಸಾಯ್ತದೆ. ಅದರ ಸಮಯಕ್ಕೆ ಅದು ಹೋಗ್ತದೆ. ನಿನ್ನನ್ನು ಕೇಳಿಕೊಂಡು ಬಂದದ್ದಲ್ಲ ಅದು."

ಮುಂದೆ ಟೀಚರ್ ಟ್ರೈನಿಂಗಿಗೆ ಹೋದಾಗ, ಬೋಳು ನೆಲಕ್ಕೆ ಮೊದಲು ಹುಲ್ಲು, ಆಮೇಲೆ ಪೊದೆ, ಆಮೇಲೆ ಬೇಗ ಬೆಳೆದು ಬೇಗ ಸಾಯುವ ಮರ, ಅವುಗಳ ನೆರಳಿನಲ್ಲಿ ನಿಧಾನವಾಗಿ ಬರುವ ದೊಡ್ಡ ಮರ ಎಂದು ಒಬ್ಬರು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದರು. ಎಲ್ಲರೂ ಬರೆದುಕೊಂಡರು. ನಾನು ಅಜ್ಜಿಯ ಒಪ್ಪೊತ್ತು ನೆನಪಾಗಿ ಪೆನ್ನಿಗೆ ಮುಚ್ಚಳ ಹಾಕಿದೆ. ಕಡಿಯಲಿಕ್ಕೆ ಮೂರು ಬೆಳಗ್ಗೆ ಸಾಕಾಗಿತ್ತು. ಆ ಅಂಗಳದಷ್ಟು ಜಾಗಕ್ಕೆ ಮತ್ತೆ ಕಿರಾಲ್‌ಬೋಗಿಯ ಸಸಿ ಬರುವಾಗ ನಾನು ಸೀರೆ ಉಡುವವಳಾಗಿದ್ದೆ.

ನಾನು ಎಸ್ಸೆಸ್ಸೆಲ್ಸಿಗೆ ಕೂತ ವರ್ಷ ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು. ವಿಷುವಿನ ಬೆಳಗ್ಗೆ ಕಣಿ ನೋಡಿ, ಎಲ್ಲರ ಕಾಲಿಗೆ ಬಿದ್ದು, ಪಾಯಸಕ್ಕೆ ನೀರು ಸೇದಲು ಹೋದ ಅಮ್ಮ ಬಾವಿಕಟ್ಟೆಯಲ್ಲೇ ನಿಂತುಬಿಟ್ಟಳು. ಏನಾಯಿತೆಂದು ನಾನು ಓಡಿದೆ. ಅವಳು ಹಗ್ಗ ಹಿಡಿದುಕೊಂಡೇ ಮನೆಯತ್ತ ತಿರುಗಿ ಕೂಗಿದಳು.

"ಅಮ್ಮಾ, ಕಾಲದ ಹಗ್ಗ ಈ ವರ್ಷ ಯಾರಾದ್ರೂ ಇಳಿಸಿದ್ದೀರಾ?"

ಯಾರೂ ಇಳಿಸಿರಲಿಲ್ಲ. ಅದು ಮೊಳೆಯಲ್ಲೇ ಇತ್ತು, ಮೇಲೆ ಜೇಡ ಬಲೆ ಕಟ್ಟಿತ್ತು. ಪರೀಕ್ಷೆಯ ಗಡಿಬಿಡಿಯಲ್ಲಿ ಯಾರ ಗಮನಕ್ಕೂ ಬಂದಿರಲಿಲ್ಲ. ಹೋದ ಮಳೆ ಜೋರಿತ್ತು, ಅದಕ್ಕೆ ಎಂದರು ಮಾವ. ಇದ್ದರೂ ಇದ್ದೀತು. ಮರುವರ್ಷ ಮಳೆ ಕಡಿಮೆಯಿತ್ತು, ಆಗಲೂ ಹಗ್ಗ ಇಳಿಯಲಿಲ್ಲ. ಆ ಬೇಸಿಗೆಯಲ್ಲಿ ಒಂದು ದಿನ ಮಾವ ಬೆಕ್ಕಿಗೂ ಏನೂ ಹೇಳದೆ ಹಗ್ಗವನ್ನು ಮೊಳೆಯಿಂದ ತೆಗೆದು, ಧೂಳು ಕೊಡವಿ, ಎರಡು ತುಂಡು ಮಾಡಿ ಹೊಸ ಕರುಗಳನ್ನು ಕಟ್ಟಲು ಕೊಂಡುಹೋದರು. ಅಜ್ಜಿ ಎಲೆ ಜಗಿಯುತ್ತಾ ನೋಡಿದಳು.

ಅವರ‍್ಯಾರೂ ಈಗ ಇಲ್ಲ. ಮನೆ ಲೀಲಾಳ ಮಗ ಜಯಂತನಿಗೆ ಬಂದಿದೆ, ನಾನೂ ಅಲ್ಲೇ ಇದ್ದೇನೆ. ಒಳ್ಳೆಯ ಹುಡುಗ, ನನ್ನನ್ನು ಕಂಡರೆ ಅಕ್ಕರೆ. ಹೋದ ತಿಂಗಳು ಬಂದು ಪಕ್ಕದಲ್ಲಿ ಕೂತು ಹೇಳಿದ.

"ದೊಡ್ಡಮ್ಮ, ಬಾವಿ ಹಿಂದಿನ ಕಾಡು ಒಮ್ಮೆ ಕ್ಲೀನ್ ಮಾಡಿಸುವ. ಬರೀ ಮುಳ್ಳು, ಬಳ್ಳಿ. ದೊಡ್ಡ ಮರ ಎಲ್ಲ ಹಾಗೇ ಬಿಡ್ತೇನೆ. ಅಡಿಯ ಕಸ ತೆಗೆದು ಒಳ್ಳೆ ಜಾತಿಯ ಗಿಡ ನೆಡುವ. ನಿಮ್ಮ ಕೈಯಲ್ಲೇ ನೆಡಿಸ್ತೇನೆ."

ಅವನ ಮೇಲೆ ಸಿಟ್ಟು ಬರಲಿಲ್ಲ. ಸಣ್ಣ ಕತ್ತಿ ಹಿಡಿದು ಹೋದ ಹುಡುಗಿಯೇ ನನ್ನೆದುರು ಕೂತು, ಅದೇ ಖುಷಿಯಲ್ಲಿ ಮಾತಾಡುತ್ತಿದ್ದಳು. ಹೇಳಬೇಕಾದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ದೊಡ್ಡ ಮರಗಳ ಮಕ್ಕಳು ಆ ಕಸದಲ್ಲೇ ಇವೆ, ಅಡಿ ಗುಡಿಸಿದರೆ ಈ ಮರಗಳೇ ಕೊನೆಯವು ಎಂದು. ಆದರೆ ಮೈಕಿನ ಮುಂದೆ ಅಷ್ಟು ಸಲ ಹೇಳಿ ಸೋತ ಮಾತನ್ನು ಮನೆಯ ಹುಡುಗನಿಗೆ ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. ಕೋಲು ಹಿಡಿದು ಎದ್ದೆ. ಎಲ್ಲಿಗೆ ಎಂದು ಕೇಳುತ್ತಾ ಅವನೂ ಹಿಂದೆ ಬಂದ. ಮುಳ್ಳಿಗೆ ಹೆದರಿ ನಾನು ಬಿಟ್ಟಿದ್ದ ಆ ಸಸಿ ಈಗ ನಾನು ತಬ್ಬಿದರೆ ಕೈ ಕೂಡದ ಮರ. ಅದರ ಸುತ್ತ ಚೂರಿಮುಳ್ಳು ಇಲ್ಲ, ಯಾವಾಗಲೋ ಸತ್ತುಹೋಗಿದೆ. ಕೈಗೆ ಸಿಕ್ಕಿದ ಸೊಪ್ಪು ಮುರಿದು ಕಟ್ಟು ಮಾಡಿ, ಸೀರೆಯ ಅಂಚನ್ನು ಹರಿದು, ಆ ಮರದ ಬುಡದಲ್ಲಿ ಚಿಗುರಿದ್ದ ಎಳೆಯ ಕೊಂಬೆಯೊಂದಕ್ಕೆ ಬಿಗಿದೆ. ಜಯಂತ ನಗಲಿಲ್ಲ. ಬಾವಿಯ ನೀರು ಕುಡಿದೇ ಬೆಳೆದವನು, ಅರ್ಧ ಗೊತ್ತಿದ್ದವನಂತೆ ಚಪ್ಪಲಿ ಕಳಚಿ ನಿಂತ. ಯಾವ ದೈವದ ಹೆಸರು ಹೇಳಬೇಕೆಂದು ನನಗೆ ತೋಚಲಿಲ್ಲ. ಅಜ್ಜಿಯ ಹೆಸರು ಬಾಯಿಗೆ ಬಂತು. ಮುತ್ತಕ್ಕೆ ಎಂದೆ.